ಕಿಲೊಗೆ ಐದು ರೂಪಾಯಿ

1914ರ ಜನವರಿ 1ರ ಬೆಳಗ್ಗೆ ಅಮೆರಿಕದ ಫ್ಲಾರಿಡಾದಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ಎಂಬ ಊರಿನ ದಡದಲ್ಲಿ ಜನ ಜಾತ್ರೆಯಂತೆ ಸೇರಿದ್ದರು. ನೀರಿನ ಮೇಲೆ ಒಂದು ವಿಚಿತ್ರ ವಾಹನ ತೇಲುತ್ತಿತ್ತು. ಕೆಳಗೆ ದೋಣಿ, ಮೇಲೆ ರೆಕ್ಕೆ. ಒಬ್ಬ ಚಾಲಕ, ಪಕ್ಕದಲ್ಲಿ ಒಬ್ಬ ಪ್ರಯಾಣಿಕ, ಇಬ್ಬರಿಗೂ ತಲೆಯ ಮೇಲೆ ಸೂರಿಲ್ಲ. ಕೊಲ್ಲಿಯಾಚೆಯ ಟ್ಯಾಂಪಾ ಪಟ್ಟಣಕ್ಕೆ ರೈಲಿನಲ್ಲಿ ಸುತ್ತಿ ಬಳಸಿ ಹೋದರೆ ಅರ್ಧ ದಿನ ಬೇಕಿತ್ತು. ಈ ದೋಣಿವಿಮಾನ 23 ನಿಮಿಷದಲ್ಲಿ ಮುಟ್ಟಿಸಿತು. ಮೊದಲ ಸೀಟನ್ನು ಹರಾಜು ಹಾಕಿದ್ದರು. ಊರಿನ ಮಾಜಿ ಮೇಯರ್ ಏಬ್ರಮ್ ಫೈಲ್ 400 ಡಾಲರಿಗೆ ಕೂಗಿ ಹಿಡಿದರು. ನಡೆಸಿದವನು ಟೋನಿ ಜಾನಸ್. ವೇಳಾಪಟ್ಟಿ ಇಟ್ಟುಕೊಂಡು ಹಾರಿದ ಜಗತ್ತಿನ ಮೊದಲ ವಿಮಾನ ಸೇವೆ ಎಂದು ಇತಿಹಾಸಕಾರರು ಇದನ್ನೇ ಗುರುತಿಸುತ್ತಾರೆ.

ಹರಾಜಿನ ಕತೆ ಎಲ್ಲ ಪುಸ್ತಕಗಳಲ್ಲೂ ಇದೆ. ಅದರ ಬೆನ್ನಿಗೇ ಅಚ್ಚಾದ ದರಪಟ್ಟಿಯನ್ನು ನೋಡುವವರು ಕಡಿಮೆ. ಮಾಮೂಲಿ ಟಿಕೆಟು 5 ಡಾಲರ್. ಪ್ರಯಾಣಿಕ ಮತ್ತು ಅವನ ಕೈಚೀಲ ಸೇರಿ 200 ಪೌಂಡು, ಅಂದರೆ ಸುಮಾರು 90 ಕಿಲೊ ಮೀರಬಾರದು. ಮೀರಿದರೆ ಮೇಲಿನ ತೂಕಕ್ಕೆ 100 ಪೌಂಡಿಗೆ 5 ಡಾಲರಿನ ಲೆಕ್ಕದಲ್ಲಿ ಹಣ ಕಟ್ಟಬೇಕು, ಕನಿಷ್ಠ 25 ಸೆಂಟ್. 220 ಪೌಂಡಿನ ಆಸಾಮಿ ಒಂದು ಡಾಲರ್ ಹೆಚ್ಚು ಕೊಡಬೇಕಾಯಿತು ಅನ್ನಿ. ಇದರಲ್ಲಿ ಒಂದು ಸಣ್ಣ ವ್ಯಾಪಾರಿ ಜಾಣ್ಮೆಯೂ ಇದೆ: ಮಿತಿಯೊಳಗಿನ ನೂರು ಪೌಂಡಿಗೆ ಎರಡೂವರೆ ಡಾಲರ್ ಬೀಳುತ್ತದೆ, ಮಿತಿ ದಾಟಿದ ನೂರು ಪೌಂಡಿಗೆ ಐದು. ಹೆಚ್ಚುವರಿ ಲಗೇಜಿಗೆ ಬೇರೆಯೇ ದರ ಹಾಕುವ ಇಂದಿನ ಕೌಂಟರಿನ ಅಭ್ಯಾಸ ಅಂದೇ ಹುಟ್ಟಿತ್ತು.

ದಪ್ಪಗಿರುವವರಿಂದ ವಿಮಾನ ಕಂಪನಿಗಳು ಹೆಚ್ಚು ಹಣ ವಸೂಲು ಮಾಡಬೇಕೇ ಎಂಬ ಪ್ರಶ್ನೆ ಎರಡು ಮೂರು ವರ್ಷಕ್ಕೊಮ್ಮೆ ಟಿವಿ ಚರ್ಚೆಗೆ ಬರುತ್ತದೆ, ಹೊಚ್ಚ ಹೊಸದೆಂಬಂತೆ. ಹೊಸದೇನೂ ಅಲ್ಲ. ಪ್ರಯಾಣಿಕ ವಿಮಾನಯಾನ ಶುರುವಾದದ್ದೇ ಹಾಗೆ. ನಾವು ಕೇಳಬೇಕಾದದ್ದು ಬೇರೆ: ಹಾಗೆ ಶುರುವಾದದ್ದು ನಿಂತದ್ದು ಯಾಕೆ?

ಮೊದಲ ಮಹಾಯುದ್ಧದ ನಂತರದ ವಿಮಾನಗಳು ಮರ, ಬಟ್ಟೆ, ತಂತಿಯ ಕಟ್ಟಡಗಳು. ಎಂಜಿನ್ನುಗಳ ಶಕ್ತಿ ಅಷ್ಟಕ್ಕಷ್ಟೆ. ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಲ್ಲಿ ಇಂಪೀರಿಯಲ್ ಏರ್‌ವೇಸ್ ತನ್ನ ಪ್ರಯಾಣಿಕರನ್ನು ಪೆಟ್ಟಿಗೆಗಳ ಜೊತೆಗೇ ತೂಗುತ್ತಿತ್ತು. ಮನುಷ್ಯ ಮತ್ತು ಸಾಮಾನು ಸೇರಿ ಸುಮಾರು 100 ಕಿಲೊ ಎಂಬುದು ಆಗ ಒಪ್ಪಿತವಾಗಿದ್ದ ಲೆಕ್ಕ. ತೆಳ್ಳಗಿದ್ದವನು ಹೆಚ್ಚು ಪೆಟ್ಟಿಗೆ ಒಯ್ಯಬಹುದಿತ್ತು. 1929ರಲ್ಲಿ ಇದೇ ಕಂಪನಿ ಲಂಡನ್‌ನಿಂದ ಕರಾಚಿಗೆ ಸೇವೆ ಆರಂಭಿಸಿತು. ಹತ್ತಿದವರು ಶ್ರೀಮಂತರು, ಅಧಿಕಾರಿಗಳು, ಸೈನ್ಯದವರು. ಲಾಟು ಸಾಹೇಬರಾದರೂ ತಕ್ಕಡಿ ಏರಲೇಬೇಕು. ಅದನ್ನು ಯಾರೂ ಅವಮಾನವೆಂದು ಭಾವಿಸಿದಂತೆ ಕಾಣುವುದಿಲ್ಲ. ವಿಮಾನ ಮೇಲೇಳುವುದೇ ಒಂದು ಪವಾಡವಾಗಿದ್ದ ಕಾಲದಲ್ಲಿ, ಏಳದೇ ಇದ್ದರೆ ಏನಾದೀತು ಎಂಬ ಭಯದ ಮುಂದೆ ತೂಕದ ಸಂಕೋಚ ಎಲ್ಲಿಯದು?

ನಮ್ಮ ಕಡೆಯ ಕತೆಯೂ ಇಲ್ಲಿಗೇ ಬಂದು ಸೇರುತ್ತದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಟ್ಟದೊಂದು ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ಅದನ್ನು ಮದ್ರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಹೋದ ದಾರಿ ಬಳ್ಳಾರಿಯ ಮೇಲೆ. ಆಗಿನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಹೀಗೆ ದೇಶದ ಮೊದಲ ವಿಮಾನ ಸೇವೆಗಳಲ್ಲೊಂದರ ನಿಲುಗಡೆಯಾಯಿತು. ಹಂಪಿಗೆ ಅಷ್ಟು ಸಮೀಪದ ಊರು. ಈ ಮಾತಿಗೆ ಮತ್ತೆ ಬರುತ್ತೇನೆ.

ಆ ಸೇವೆ ಬದುಕಿದ್ದು ಕಾಗದಗಳಿಂದ. ಪೂರ್ತಿ ಒಂದು ವರ್ಷ ಹಾರಿದ ಮೇಲೆ ಲೆಕ್ಕ ತೆಗೆದಾಗ ಸುಮಾರು 10 ಟನ್ ಅಂಚೆ, 155 ಪ್ರಯಾಣಿಕರು. ಒಬ್ಬೊಬ್ಬರನ್ನು 65 ಕಿಲೊ ಎಂದಿಟ್ಟುಕೊಂಡರೆ ಈ 155 ಜನರ ತೂಕವೂ ಹತ್ತು ಟನ್ನೇ ಆಗುತ್ತದೆ, ಲೆಕ್ಕ ಹಾಕಿ ನೋಡಿ ನನಗೇ ನಗು ಬಂತು. ಜನ ಮತ್ತು ಕಾಗದ ಸರಿಸಮ. ವ್ಯತ್ಯಾಸವೆಂದರೆ ಅಂಚೆಯ ಲೆಕ್ಕ ತೂಕದ ಮೇಲೆ. ಜನರದ್ದು ತಲೆಯ ಮೇಲೆ.

ತಲೆಗಿಷ್ಟು ಎಂಬ ಪದ್ಧತಿ ಗಟ್ಟಿಯಾದದ್ದು ದೊಡ್ಡ ವಿಮಾನಗಳು ಬಂದ ಮೇಲೆ. 1936ರಲ್ಲಿ ಇಪ್ಪತ್ತೊಂದು ಸೀಟಿನ ಡಿಸಿ-3 ಬಂತು, ಯುದ್ಧದ ನಂತರ ಇನ್ನೂ ದೊಡ್ಡವು ಬಂದವು. ನೂರು ಜನರನ್ನು ಒಬ್ಬೊಬ್ಬರನ್ನಾಗಿ ತೂಗುತ್ತ ಕೂತರೆ ವಿಮಾನ ಹೊರಡುವುದು ಯಾವಾಗ? ಕಂಪನಿಗಳು ಸರಾಸರಿಯ ಮೊರೆ ಹೊಕ್ಕವು: ಗಂಡಸಿಗೆ ಇಷ್ಟು, ಹೆಂಗಸಿಗೆ ಇಷ್ಟು, ಮಗುವಿಗೆ ಇಷ್ಟು, ಒಟ್ಟು ಗುಣಿಸಿಬಿಡಿ. ದೇಹ ಖಾತೆಪುಸ್ತಕದಿಂದ ಹೊರಗೆ ಹೋಯಿತು, ಪೆಟ್ಟಿಗೆ ಮಾತ್ರ ಒಳಗೇ ಉಳಿಯಿತು. ಕೆಳದರ್ಜೆಗೆ 20 ಕಿಲೊ, ಮೇಲ್ದರ್ಜೆಗೆ 30 ಕಿಲೊ ಎಂಬ ಲಗೇಜಿನ ನಿಯಮ ದಶಕಗಟ್ಟಲೆ ಆಳಿತು. ಅದರ ವಿಪರ್ಯಾಸ ನಿಮಗೆಲ್ಲ ಗೊತ್ತು. ಊರಿಂದ ಹೊರಟಾಗ ಅಮ್ಮ ತುರುಕಿದ ಉಪ್ಪಿನಕಾಯಿ ಜಾಡಿಗೆ ದಂಡ ಕಟ್ಟುತ್ತ ನಿಂತವರು, ಪಕ್ಕದ ಸಾಲಿನ ಧಡೂತಿ ಮನುಷ್ಯ ಬರಿಗೈಯಲ್ಲಿ ಹಾಯಾಗಿ ಒಳಗೆ ಹೋದದ್ದನ್ನು ನೋಡಿ ಒಂದು ಕ್ಷಣವಾದರೂ ಲೆಕ್ಕ ಹಾಕಿರುತ್ತಾರೆ. ನಾನೂ ಹಾಕಿದ್ದೇನೆ. ತತ್ತ್ವಶಾಸ್ತ್ರಜ್ಞ ಪೀಟರ್ ಸಿಂಗರ್ 2012ರಲ್ಲಿ ಬರೆದ ಲೇಖನವೊಂದರ ವಾದವೂ ಇದೇ: ವಿಮಾನಕ್ಕೆ ಕಿಲೊ ಎಂದರೆ ಕಿಲೊ, ಅದು ಸೂಟ್‌ಕೇಸಿನದೋ ಸೊಂಟದ್ದೋ ಅದಕ್ಕೆ ತಿಳಿಯದು.

ಸರಾಸರಿಗೆ ಒಂದು ಗುಣವಿದೆ. ಜನ ಹೆಚ್ಚಿದ್ದಷ್ಟೂ ಅದು ನಂಬಿಕಸ್ಥ. ನೂರೆಂಬತ್ತು ಜನ ಕೂತಲ್ಲಿ ಒಬ್ಬ ದಪ್ಪಗಿದ್ದರೆ ಇನ್ನೊಬ್ಬ ಸಣಕಲ, ಹೆಚ್ಚುಕಡಿಮೆ ಸರಿಹೋಗುತ್ತದೆ. ಒಂಬತ್ತೇ ಜನರಿದ್ದರೆ ಹಾಗಾಗುವುದಿಲ್ಲ. ಮದುವೆ ದಿಬ್ಬಣದವರೆಲ್ಲ ಒಂದೇ ಮನೆತನದವರಾಗಿದ್ದು, ಆ ಮನೆತನದ್ದು ದೊಡ್ಡ ಮೈಕಟ್ಟಾಗಿದ್ದರೆ ಸರಾಸರಿ ಯಾವ ಉಪಯೋಗಕ್ಕೂ ಬಾರದು. ಹೊಳೆ ದಾಟಿಸುವ ದೋಣಿಯವನಿಗೆ ಇದು ಚೆನ್ನಾಗಿ ಗೊತ್ತು. ಆತ ಕಣ್ಣಲ್ಲೇ ತೂಗಿ, "ನೀವು ಈಚೆ ಬನ್ನಿ, ಮಗು ಆಚೆ ಕೂರಲಿ" ಎನ್ನುತ್ತಾನೆ. ಯಾರಿಗೂ ಬೇಸರವಾಗುವುದಿಲ್ಲ.

ಸರಾಸರಿಯೇ ಸುಳ್ಳಾದರೆ? 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್ ನಿಲ್ದಾಣದಿಂದ ಮೇಲೆದ್ದ ಏರ್ ಮಿಡ್‌ವೆಸ್ಟ್ ಕಂಪನಿಯ ಚಿಕ್ಕ ವಿಮಾನ ಮೂತಿಯನ್ನು ಆಕಾಶಕ್ಕೆ ಎತ್ತಿ, ಎತ್ತುತ್ತಲೇ ಹೋಗಿ, ಕುಸಿದು ಬಿತ್ತು. ಹತ್ತೊಂಬತ್ತು ಪ್ರಯಾಣಿಕರು, ಇಬ್ಬರು ಸಿಬ್ಬಂದಿ, ಒಬ್ಬರೂ ಉಳಿಯಲಿಲ್ಲ. ಬಾಲದ ರೆಕ್ಕೆಯನ್ನು ನಿಯಂತ್ರಿಸುವ ತಂತಿಯನ್ನು ರಿಪೇರಿಯಲ್ಲಿ ತಪ್ಪಾಗಿ ಜೋಡಿಸಿದ್ದರು, ಅದು ದೊಡ್ಡ ಕಾರಣ. ಅದರ ಜೊತೆಗೆ ವಿಮಾನದ ಭಾರ ಮಿತಿ ಮೀರಿತ್ತು, ಹಿಂದಕ್ಕೆ ವಾಲಿತ್ತು. ಕಾಗದದಲ್ಲಿ ಮಾತ್ರ ಎಲ್ಲ ಸರಿ ಇತ್ತು, ಏಕೆಂದರೆ ಕಾಗದ ತುಂಬಿದ್ದು ಹಳೆಯ ಸರಾಸರಿಯಿಂದ. ಆಮೇಲೆ ಸರ್ಕಾರ ನಿಜವಾದ ಪ್ರಯಾಣಿಕರನ್ನು ತೂಗಿಸಿದಾಗ, ಲೆಕ್ಕದಲ್ಲಿ ಹಿಡಿದದ್ದಕ್ಕಿಂತ ತಲೆಗೆ 20 ಪೌಂಡಿಗೂ ಹೆಚ್ಚು ಭಾರ ಕಂಡಿತು. ಒಂದು ದೇಶ ಮೆಲ್ಲಗೆ ದಪ್ಪಗಾಗಿತ್ತು, ಪಟ್ಟಿ ಹಳೆಯದೇ ಉಳಿದಿತ್ತು.

ಇನ್ನೊಂದು ಪ್ರಸಂಗ ನಗೆ ತರಿಸುವಂಥದ್ದು, ಯಾರಿಗೂ ಏನೂ ಆಗಲಿಲ್ಲವಾದ್ದರಿಂದ. 2020ರ ಜುಲೈಯಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಮಯೋರ್ಕಾ ದ್ವೀಪಕ್ಕೆ ಹೊರಟ ಟುಯಿ ಕಂಪನಿಯ ಬೋಯಿಂಗ್ ವಿಮಾನದ ತೂಕ ಕಾಗದದಲ್ಲಿದ್ದದ್ದಕ್ಕಿಂತ 1,244 ಕಿಲೊ ಹೆಚ್ಚಿತ್ತು. ತನಿಖೆ ಮಾಡಿದಾಗ ಸಿಕ್ಕಿದ್ದು ಒಂದು ಪದ: "ಮಿಸ್". ಟಿಕೆಟಿನಲ್ಲಿ ಮಿಸ್ ಎಂದು ಬರೆಸಿದ್ದ ವಯಸ್ಕ ಹೆಂಗಸರನ್ನೆಲ್ಲ ಕಂಪ್ಯೂಟರ್ ಮಕ್ಕಳೆಂದು ತಿಳಿದು, 69 ಕಿಲೊ ಹಿಡಿಯಬೇಕಾದಲ್ಲಿ 35 ಕಿಲೊ ಹಿಡಿದಿತ್ತು. ತಂತ್ರಾಂಶ ಬರೆದ ದೇಶದಲ್ಲಿ ಆ ಪದ ಹುಡುಗಿಯರಿಗೆ ಮಾತ್ರವಂತೆ. ನಮ್ಮ ಊರಿನ ಅರವತ್ತು ವರ್ಷದ ಕುಮಾರಿಯರನ್ನು, ನಿವೃತ್ತ ಮುಖ್ಯೋಪಾಧ್ಯಾಯಿನಿಯರನ್ನು ಆ ಕಂಪ್ಯೂಟರ್ ಏನೆಂದುಕೊಳ್ಳುತ್ತಿತ್ತೋ!

ತೂಕ ಗೊತ್ತಿರಬೇಕು ಎಂಬಲ್ಲಿಗೆ ನನಗೆ ತಕರಾರಿಲ್ಲ. ತೂಕಕ್ಕೆ ಬೆಲೆ ಕಟ್ಟಬೇಕೇ ಎಂಬುದು ಇನ್ನೊಂದು ಮಾತು. ಎರಡನ್ನೂ ಕಲಸಿಬಿಡುವುದರಿಂದಲೇ ಈ ಚರ್ಚೆ ಯಾವಾಗಲೂ ಜಗಳದಲ್ಲಿ ಮುಗಿಯುತ್ತದೆ.

ಎರಡನ್ನೂ ಒಟ್ಟಿಗೆ ಮಾಡಿದ ಕಂಪನಿಯೊಂದಿತ್ತು. ಪೆಸಿಫಿಕ್ ಸಾಗರದ ನಡುವಿನ ಸಮೋವಾ ದ್ವೀಪಗಳಲ್ಲಿ ಸಮೋವಾ ಏರ್ 2012ರ ನವೆಂಬರಿನಲ್ಲಿ ಸೀಟಿನ ಲೆಕ್ಕ ಬಿಟ್ಟು ಕಿಲೊ ಲೆಕ್ಕಕ್ಕೆ ಬಂತು. 2013ರ ಏಪ್ರಿಲಿನಲ್ಲಿ ಜಗತ್ತಿನ ಪತ್ರಿಕೆಗಳ ಕಣ್ಣಿಗೆ ಬಿತ್ತು. ಟಿಕೆಟ್ ಕೊಳ್ಳುವಾಗಲೇ ನಿಮ್ಮ ಮತ್ತು ಸಾಮಾನಿನ ತೂಕ ಬರೆಯಬೇಕು, ನಿಲ್ದಾಣದಲ್ಲಿ ಮತ್ತೆ ತೂಗುತ್ತಾರೆ, ದೂರ ನೋಡಿ ಕಿಲೊಗೆ ಇಷ್ಟು ಎಂದು ದರ. ಮುಖ್ಯಸ್ಥ ಕ್ರಿಸ್ ಲ್ಯಾಂಗ್ಟನ್ ಇದಕ್ಕಿಂತ ನ್ಯಾಯವಾದ ಪದ್ಧತಿ ಇಲ್ಲ ಎಂದು ವಾದಿಸಿದರು. ಮಕ್ಕಳೊಂದಿಗರಿಗೆ ಲಾಭವೂ ಆಯಿತು, ಇಪ್ಪತ್ತು ಕಿಲೊದ ಮಗುವಿಗೆ ಇಪ್ಪತ್ತು ಕಿಲೊದ್ದೇ ದುಡ್ಡು. ಹೊರಗಿನವರು ಮಾತ್ರ ಕೆಂಡವಾದರು. ಸಮೋವಾ ಜಗತ್ತಿನಲ್ಲೇ ಬೊಜ್ಜು ಅತಿ ಹೆಚ್ಚಿರುವ ದೇಶಗಳಲ್ಲೊಂದು, ಬಡವರ ಮೈಯ ಮೇಲೆ ತೆರಿಗೆ ಹಾಕಿದಂತಲ್ಲವೇ ಎಂದರು.

ಅಲ್ಲಿ ಹಾರುತ್ತಿದ್ದ ವಿಮಾನಗಳನ್ನು ನೋಡಿದರೆ ಮಾತು ಬದಲಾಗುತ್ತದೆ. ಬ್ರಿಟನ್-ನಾರ್ಮನ್ ಐಲಾಂಡರ್, ಸೆಸ್ನಾ 172. ಐಲಾಂಡರ್ ಎಂದರೆ ತುಂಬಿದಾಗಲೂ ಮೂರು ಟನ್ ದಾಟದ, ಒಂಬತ್ತು ಜನ ಕೂರುವ ಹಕ್ಕಿ. ತೊಂಬತ್ತು ಕಿಲೊದ ಒಂಬತ್ತು ಜನ ಕೂತರೆ ಒಟ್ಟು ಭಾರದ ಕಾಲುಭಾಗಕ್ಕಿಂತ ಹೆಚ್ಚು ಅವರದ್ದೇ. ಅಲ್ಲಿ 140 ಕಿಲೊದ ಒಬ್ಬ ಹತ್ತಿದರೆ ನಿಜವಾಗಿಯೂ ಇನ್ನೊಬ್ಬ ದಡದಲ್ಲೇ ಉಳಿಯಬೇಕಾಗಬಹುದು. ಟ್ಯಾಂಪಾ ದೋಣಿವಿಮಾನದ ಸಮಸ್ಯೆಯೇ ಅದು, ನೂರು ವರ್ಷದ ನಂತರ. ಹಾಗಾಗಿ ಸಮೋವಾ ಏರ್ ಮಾಡಿದ್ದನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಅದೇ ವರ್ಷ ದೊಡ್ಡ ಮೈಯವರಿಗೆಂದೇ ಅಗಲವಾದ ಸೀಟಿನ ಸಾಲನ್ನೂ ಅವರು ಇಟ್ಟರು. ಹಣ ತೆಗೆದುಕೊಂಡ ಮೇಲೆ ಜಾಗ ಕೊಟ್ಟರು ಎಂಬುದನ್ನು ಟೀಕಾಕಾರರು ಮರೆಯುತ್ತಾರೆ. ಕಂಪನಿ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು.

2013ರಲ್ಲೇ ನಾರ್ವೆಯ ಕಾಲೇಜೊಂದರ ಪ್ರಾಧ್ಯಾಪಕ ಭರತ್ ಭಟ್ಟ ಈ ವಿಚಾರವನ್ನು ದೊಡ್ಡ ವಿಮಾನಗಳಿಗೂ ಹಚ್ಚಿ ಪ್ರಬಂಧ ಬರೆದರು. ಕಿಲೊಗಿಷ್ಟು ಎನ್ನಬಹುದು, ಅಥವಾ ಒಂದು ಮೂಲದರವಿಟ್ಟು ಹಗುರವಾದವರಿಗೆ ರಿಯಾಯಿತಿ, ಭಾರವಾದವರಿಗೆ ಹೆಚ್ಚುವರಿ ಹಾಕಬಹುದು, ಅಥವಾ ಹಗುರ, ಮಧ್ಯಮ, ಭಾರ ಎಂದು ಮೂರೇ ಗುಂಪು ಮಾಡಬಹುದು ಎಂಬುದು ಅವರ ಸಲಹೆ. ಓದಿದಾಗ ನನಗೆ ಅನ್ನಿಸಿದ್ದು: ಸರಿ, ಆದರೆ ಎಷ್ಟು ರೂಪಾಯಿಯ ಮಾತು ಇದು?

ಒರಟಾಗಿ ಲೆಕ್ಕ ಹಾಕೋಣ. ಮುಂಬಯಿ-ದೆಹಲಿ, ಎ320 ವಿಮಾನ, 180 ಜನ. ಹೊರಡುವಾಗಿನ ಒಟ್ಟು ಭಾರ 70 ಟನ್ ಎಂದಿಟ್ಟುಕೊಳ್ಳಿ. ತಲೆಗೆ 75 ಕಿಲೊ ಹಿಡಿದರೆ ಜನರ ಭಾರ ಹದಿಮೂರೂವರೆ ಟನ್, ಅಂದರೆ ಐದರಲ್ಲೊಂದು ಪಾಲಿಗಿಂತ ತುಸು ಕಡಿಮೆ. ಉಳಿದದ್ದು ಲೋಹ, ಎಂಜಿನ್, ಇಂಧನ, ಸಾಮಾನು. ವಿಮಾನ ನಡೆಸುವ ಖರ್ಚಿನಲ್ಲಿ ಇಂಧನದ ಪಾಲು ಸುಮಾರು ಮೂರರಲ್ಲೊಂದು. 6,000 ರೂಪಾಯಿಯ ಟಿಕೆಟಿನಲ್ಲಿ ಇಂಧನಕ್ಕೆ 2,000, ಅದರಲ್ಲಿ ನಿಮ್ಮ ದೇಹವನ್ನು ಹೊತ್ತದ್ದಕ್ಕೆ 400ಕ್ಕಿಂತ ಕಡಿಮೆ. 75ರಿಂದ ಭಾಗಿಸಿ. ಕಿಲೊಗೆ ಐದು ರೂಪಾಯಿ.

ನೂರು ಕಿಲೊದವರು ನೂರಿಪ್ಪತ್ತೈದು ರೂಪಾಯಿ ಹೆಚ್ಚು ಕೊಡಬೇಕು, ಐವತ್ತು ಕಿಲೊದವರಿಗೆ ಅಷ್ಟೇ ವಾಪಸು. ನಿಲ್ದಾಣದೊಳಗೆ ಒಂದು ಲೋಟ ಚಹಾಕ್ಕೂ ಸಾಲದು. ಅದೇ ಟಿಕೆಟನ್ನು ಹಿಂದಿನ ದಿನ ಕೊಂಡರೆ ದುಪ್ಪಟ್ಟಾಗುತ್ತದೆ, ಅದರಲ್ಲಿ ಯಾರ ತೂಕದ ಪಾತ್ರವೂ ಇಲ್ಲ. ಉಪ್ಪಿನಕಾಯಿ ಜಾಡಿಗೆ ಕೌಂಟರಿನಲ್ಲಿ ಕಿಲೊಗೆ ನೂರಾರು ರೂಪಾಯಿ ಕೀಳುವುದಕ್ಕೂ ಇಂಧನಕ್ಕೂ ಸಂಬಂಧ ಇಷ್ಟೇ. ಅಂದು ಸಾಲಿನಲ್ಲಿ ನಿಂತು ನಾನು ಪಕ್ಕದವನ ಸೊಂಟವನ್ನು ನೋಡಿದ್ದು ತಪ್ಪಾಯಿತು, ನೋಡಬೇಕಾಗಿದ್ದದ್ದು ದರಪಟ್ಟಿಯನ್ನು.

ನನ್ನ ಲೆಕ್ಕ ಅಷ್ಟೇನೂ ದಾರಿ ತಪ್ಪಿಲ್ಲ ಎನ್ನಲು ಒಂದು ಸಾಕ್ಷಿ ಇದೆ, ಕಹಿಯಾದದ್ದು. ಅದೇ 2013ರಲ್ಲಿ ಗೋಏರ್ ಕಂಪನಿ ಇನ್ನು ಮುಂದೆ ವಿಮಾನದೊಳಗಿನ ಕೆಲಸಕ್ಕೆ ಹೆಂಗಸರನ್ನು ಮಾತ್ರ ತೆಗೆದುಕೊಳ್ಳುವುದಾಗಿ ಹೇಳಿತು. ಗಂಡಸರಿಗಿಂತ ಅವರು ಹದಿನೈದಿಪ್ಪತ್ತು ಕಿಲೊ ಹಗುರ, ಒಂದು ಕಿಲೊಗೆ ಹಾರಾಟದ ಗಂಟೆಗೆ ಸುಮಾರು 3 ರೂಪಾಯಿ ಖರ್ಚು ಎಂಬ ಲೆಕ್ಕ ಅವರದ್ದೇ. ಎರಡು ಗಂಟೆಯ ಹಾರಾಟಕ್ಕೆ ಆರು ರೂಪಾಯಿ. ವರ್ಷಕ್ಕೆ ಎರಡೂವರೆಯಿಂದ ಮೂರು ಕೋಟಿ ಉಳಿತಾಯದ ನಿರೀಕ್ಷೆ. ಸೀಟಿನ ಜೇಬಿನಲ್ಲಿಡುವ ಪತ್ರಿಕೆಯನ್ನೂ ಚಿಕ್ಕದು ಮಾಡಿದರು. ಪತ್ರಿಕೆಯ ಪುಟ ಕಡಿಮೆ ಮಾಡುವುದೂ ಗಂಡಸರ ನೌಕರಿ ಕಡಿಮೆ ಮಾಡುವುದೂ ಒಂದೇ ಪಟ್ಟಿಯಲ್ಲಿ ಬಂದವು.

ಹೆಂಗಸರಿಗೆ ಇದರಿಂದ ಒಳ್ಳೆಯದಾಯಿತು ಎನ್ನುವವರು ಏರ್ ಇಂಡಿಯಾದ ಗಗನಸಖಿಯರನ್ನು ಕೇಳಬೇಕು. ಅಲ್ಲಿ ಎತ್ತರಕ್ಕೆ, ವಯಸ್ಸಿಗೆ ತಕ್ಕ ತೂಕದ ಕೋಷ್ಟಕವೊಂದಿತ್ತು. ಮೀರಿದವರನ್ನು ನೆಲದ ಕೆಲಸಕ್ಕೆ ಇಳಿಸುತ್ತಿದ್ದರು. ಕೆಲವರು ದೆಹಲಿ ಹೈಕೋರ್ಟಿಗೆ ಹೋಗಿ 2008ರಲ್ಲಿ ಸೋತರು. 2009ರ ಆರಂಭದಲ್ಲಿ ಹತ್ತು ಮಂದಿಯನ್ನು ಕೆಲಸದಿಂದಲೇ ತೆಗೆದರು. ಎರಡು ಮೂರು ಹೆರಿಗೆಯಾದ ಮೈ, ಇಪ್ಪತ್ತು ವರ್ಷ ರಾತ್ರಿಪಾಳಿ ಮಾಡಿದ ಮೈ. ಇದರಲ್ಲಿ ಇಂಧನದ ಮಾತೇ ಇರಲಿಲ್ಲ, ಸುರಕ್ಷತೆ ಮತ್ತು ರೂಪ ಎರಡನ್ನೂ ಸೇರಿಸಿ ಹೇಳುತ್ತಿದ್ದರು. ನನಗೆ ತೂಕದ ದರದ ಬಗ್ಗೆ ಅಳುಕು ಹುಟ್ಟಿದ್ದು ಇಲ್ಲಿಂದ. ತಕ್ಕಡಿಗೆ ಪಕ್ಷಪಾತ ಇಲ್ಲದಿರಬಹುದು. ಅದರ ಮುಂದೆ ಯಾರನ್ನು ನಿಲ್ಲಿಸುತ್ತೇವೆ ಎಂಬುದನ್ನು ತಕ್ಕಡಿ ನಿರ್ಧರಿಸುವುದಿಲ್ಲ.

ಕೆನಡಾ ತದ್ವಿರುದ್ಧ ದಾರಿ ಹಿಡಿಯಿತು. ಅಂಗವಿಕಲತೆಯಿಂದಲೋ, ಅಂಗವಿಕಲತೆಯೆಂದೇ ಗಣಿಸಬೇಕಾದ ಸ್ಥೂಲಕಾಯದಿಂದಲೋ ಎರಡು ಸೀಟು ಬೇಕಾದವರಿಗೆ ದೇಶದೊಳಗಿನ ಹಾರಾಟದಲ್ಲಿ ಒಂದೇ ದರ ಎಂದು ಅಲ್ಲಿಯ ಸಾರಿಗೆ ಪ್ರಾಧಿಕಾರ 2008ರ ಜನವರಿಯಲ್ಲಿ ಆದೇಶಿಸಿತು. ಕಂಪನಿಗಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವು, ಕೋರ್ಟು ಅಹವಾಲನ್ನು ಎತ್ತಿಕೊಳ್ಳಲಿಲ್ಲ. ಈ ಖರ್ಚನ್ನು ಎಲ್ಲರಿಗೂ ಹಂಚಿದರೆ ಏರ್ ಕೆನಡಾದ ಒಂದು ಟಿಕೆಟಿಗೆ ಬೀಳುವುದು 77 ಸೆಂಟ್ ಎಂದು ಪ್ರಾಧಿಕಾರ ಅಂದಾಜಿಸಿತ್ತು. ಒಬ್ಬರಿಗೆ ಇಡೀ ಇನ್ನೊಂದು ಟಿಕೆಟಿನ ಭಾರ, ಎಲ್ಲರೂ ಹೊತ್ತರೆ ಚಿಲ್ಲರೆ. ದೊಡ್ಡ ವಿಮಾನದ ಮಟ್ಟಿಗೆ ನನಗೆ ಇದೇ ಸರಿ ಕಾಣುತ್ತದೆ.

ನಮ್ಮಲ್ಲಿ ತೂಗಿಸಿಕೊಳ್ಳುವುದು ಒಂದು ಕಾಲಕ್ಕೆ ದೊಡ್ಡಸ್ತಿಕೆಯಾಗಿತ್ತು. ಹಂಪಿಯ ವಿಠ್ಠಲ ದೇವಸ್ಥಾನದಿಂದ ಸ್ವಲ್ಪ ದೂರದಲ್ಲಿ ಎರಡು ಕಲ್ಲುಕಂಬ, ಮೇಲೊಂದು ಅಡ್ಡತೊಲೆ ಇದೆ. ಅದನ್ನು ಅರಸರ ತುಲಾಭಾರ ಎನ್ನುತ್ತಾರೆ. ಅರಸ ಒಂದು ತಟ್ಟೆಯಲ್ಲಿ, ಬಂಗಾರ ಇನ್ನೊಂದರಲ್ಲಿ, ದಾನ ಬ್ರಾಹ್ಮಣರಿಗೆ. ಅರಸ ದಪ್ಪಗಿದ್ದಷ್ಟೂ ಊರಿಗೆ ಒಳ್ಳೆಯದು. ವಿನ್ಸೆಂಟ್ ಅಂಚೆ ಹೊತ್ತು ಬಳ್ಳಾರಿಗೆ ಇಳಿದ ಹಾದಿಯಿಂದ ಅದು ಹೆಚ್ಚು ದೂರವಿಲ್ಲ. ಉಡುಪಿಯಲ್ಲಿ ಇಂದಿಗೂ ಹರಕೆಯ ತುಲಾಭಾರ ನಡೆಯುತ್ತದೆ. ನನಗೆ ಮೂರು ವರ್ಷವಾಗಿದ್ದಾಗ ಜ್ವರ ಬಿಟ್ಟಿತೆಂದು ಬೆಲ್ಲದಲ್ಲಿ ತೂಗಿಸಿದ್ದರಂತೆ. ಆಗ ನೀನು ಸಣಕಲ, ಖರ್ಚು ಕಡಿಮೆಯಾಯಿತು ಎಂದು ಅಮ್ಮ ಈಗಲೂ ಹೇಳುತ್ತಾರೆ.

ಕೆಲವು ವರ್ಷದ ಹಿಂದೆ ಅಮ್ಮನನ್ನು ಕೇದಾರಕ್ಕೆ ಕರೆದೊಯ್ದಿದ್ದೆ. ಮಂಡಿನೋವು, ನಡೆಯಲಾರರು, ಹೆಲಿಕಾಪ್ಟರೇ ಗತಿ. ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ತೆಳು, ಒಮ್ಮೆಗೆ ಐದಾರು ಜನರನ್ನು ಮಾತ್ರ ಎತ್ತಬಲ್ಲದು. ಅಲ್ಲಿ ಟಿಕೆಟಿನ ಜೊತೆಗೇ ನಿಯಮ ಅಚ್ಚಾಗಿರುತ್ತದೆ: 80 ಕಿಲೊ ದಾಟಿದರೆ ಮೇಲಿನ ಪ್ರತಿ ಕಿಲೊಗೂ ಹಣ. ಸಮೋವಾದ ಬಗ್ಗೆ ಜಗತ್ತು ಕೂಗಾಡಿದ್ದು ನಮ್ಮ ಹಿಮಾಲಯದಲ್ಲಿ ಸದ್ದಿಲ್ಲದೆ ನಡೆಯುತ್ತಿದೆ. ಸಾಲಿನಲ್ಲಿ ಒಬ್ಬೊಬ್ಬರಾಗಿ ತೂಕದ ಯಂತ್ರ ಹತ್ತಿ ಇಳಿದರು. ಇಂದೋರಿನ ಕಡೆಯ ವ್ಯಾಪಾರಿಯೊಬ್ಬರು ಹತ್ತುವ ಮೊದಲು ಕೋಟು, ಶಾಲು, ಮೊಬೈಲು, ಕೊನೆಗೆ ಕೈಗಡಿಯಾರವನ್ನೂ ಬಿಚ್ಚಿ ಹೆಂಡತಿಯ ಕೈಗಿಟ್ಟರು. "ಅವೂ ಇದೇ ಹೆಲಿಕಾಪ್ಟರಿನಲ್ಲಿ ಬರುತ್ತವಲ್ಲ ಸಾಹೇಬ್ರೆ" ಎಂದು ಹುಡುಗ ಹಿಂದಿಯಲ್ಲಿ ಅಂದ. ಎಲ್ಲರೂ ನಕ್ಕರು, ಅವರೂ ನಕ್ಕು ದುಡ್ಡು ಕಟ್ಟಿದರು. ಅಮ್ಮನ ಸರದಿ ಬಂತು. ಹುಡುಗ ಅಂಕಿ ನೋಡಿ ಬರೆದುಕೊಂಡು, ಅವರನ್ನು ಮುಂದಿನ ಸೀಟಿಗೆ, ದೊಡ್ಡ ಮೈಯವರನ್ನು ನಡುವಿಗೆ ಎಂದು ಜೋಡಿಸಿದ. ಇಳಿದ ಅಮ್ಮ ನನ್ನ ತೋಳು ಹಿಡಿದು, "ಎಷ್ಟು ಬಂತು ಅಂತ ಕೇಳು ಮಾರಾಯ" ಎಂದರು. ನಲವತ್ತಾರು ಎಂದೆ. "ಅಷ್ಟೇನಾ? ಹಾಗಾದರೆ ದುಡ್ಡು ವಾಪಸು ಕೊಡುತ್ತಾರಾ?"

ಕೊಡುವುದಿಲ್ಲ ಎಂದೆ. ರೆಕ್ಕೆ ತಿರುಗತೊಡಗಿತು.